ಆ ಜೇಬು ಅಲ್ಲಿ ಯಾಕಿದೆ? ಫ್ಯಾಂಟಸಿ ಸಿನಿಮಾಗಳ ಬಟ್ಟೆಬರೆ ಕುರಿತು ಒಂದಿಷ್ಟು ಮಾತು

ಪುಸ್ತಕ ಓದಿ ಆಮೇಲೆ ಅದರ ಸಿನಿಮಾ ನೋಡಿದವರು ಮೊದಲು ಜಗಳಕ್ಕೆ ನಿಲ್ಲೋದು ಬಟ್ಟೆ ವಿಷಯಕ್ಕೆ. ಟೋಲ್ಕಿನ್ ಪುಸ್ತಕದಲ್ಲಿ ಮಾಂತ್ರಿಕ ಗ್ಯಾಂಡಾಲ್ಫನ ಚೂಪು ಟೋಪಿ ನೀಲಿ, ಸಿನಿಮಾದಲ್ಲಿ ಬೂದು. ಪುಸ್ತಕದಲ್ಲಿ ಹ್ಯಾರಿ ಪಾಟರ್‌ನ ಗೆಳತಿ ಹರ್ಮಾಯ್ನಿ ಡ್ಯಾನ್ಸಿಗೆ ಹಾಕಿಕೊಂಡು ಬಂದಿದ್ದು ತಿಳಿನೀಲಿ, ಸಿನಿಮಾದಲ್ಲಿ ಗುಲಾಬಿ. ಹೀಗೆ ಪಟ್ಟಿ ಮಾಡುತ್ತಾ ಹೋಗುತ್ತೇವೆ. ನಾನೂ ಮಾಡುತ್ತೇನೆ, ಅದರಲ್ಲೊಂದು ಮಜಾ ಇದೆ, ಸುಳ್ಳು ಯಾಕೆ ಹೇಳಲಿ. ಆದರೆ ಬಣ್ಣ ಹೊಂದಿತಾ ಇಲ್ಲವಾ ಅಂತ ಮಾತ್ರ ನೋಡಿ ಬಿಟ್ಟರೆ ಅರ್ಧ ಮಜಾ ಕೈತಪ್ಪಿ ಹೋಗುತ್ತದೆ. ನಾನು ಇವತ್ತು ಕೇಳಬೇಕು ಅಂತಿರುವ ಪ್ರಶ್ನೆ ಬೇರೆ. ಆ ಬಟ್ಟೆ ಕಥೆಯೊಳಗೆ ಏನು ಕೆಲಸ ಮಾಡುತ್ತಿತ್ತು? ಸಿನಿಮಾಕ್ಕೆ ಬಂದ ಮೇಲೆ ಆ ಕೆಲಸ ಉಳಿಯಿತಾ, ಹೋಯಿತಾ?

ಒಂದೇ ಸಿನಿಮಾದಲ್ಲಿ ಎರಡೂ ಥರದ ಉದಾಹರಣೆ ಸಿಗುತ್ತದೆ. 1939ರ 'ದಿ ವಿಜರ್ಡ್ ಆಫ್ ಆಜ್'. ಎಲ್. ಫ್ರಾಂಕ್ ಬಾಮ್ 1900ರಲ್ಲಿ ಬರೆದ ಪುಸ್ತಕದಲ್ಲಿ ಕಥಾನಾಯಕಿ ಡೊರೊತಿಯ ಮಾಂತ್ರಿಕ ಬೂಟುಗಳು ಬೆಳ್ಳಿಯವು. ಸಿನಿಮಾದಲ್ಲಿ ಅವು ಮಾಣಿಕ್ಯದ ಕೆಂಪು. ಯಾಕೆ ಬದಲಾಯಿಸಿದರು? ಬಣ್ಣದ ಸಿನಿಮಾ, ಅದನ್ನು ತೆಗೆಯುವ ಟೆಕ್ನಿಕಲರ್ ಪದ್ಧತಿ, ಆಗ ಇನ್ನೂ ಹೊಸದು. ಟೆಕ್ನಿಕಲರ್‌ಗೆ ಅಷ್ಟು ಖರ್ಚು ಮಾಡಿ, ಹಳದಿ ಇಟ್ಟಿಗೆಯ ದಾರಿ ಹಾಕಿ, ಅದರ ಮೇಲೆ ಬೆಳ್ಳಿ ಬೂಟು ನಡೆಸಿದರೆ ಏನು ಕಾಣುತ್ತದೆ ಹೇಳಿ? ಏನೂ ಇಲ್ಲ. ಕೆಂಪಾದರೆ ಕಣ್ಣಿಗೆ ಹೊಡೆಯುತ್ತದೆ. ಹಾಗಾಗಿ ಚಿತ್ರಕಥೆಯ ಹಂತದಲ್ಲೇ ಬೆಳ್ಳಿ ಹೋಗಿ ಮಾಣಿಕ್ಯ ಬಂತು, ಏಡ್ರಿಯನ್ ಅನ್ನೋ ವಸ್ತ್ರವಿನ್ಯಾಸಕ ಅದನ್ನು ಮಾಡಿಸಿದ.

ಮಜಾ ಏನಂದರೆ ಆ ಬೂಟುಗಳನ್ನು ಮ್ಯೂಸಿಯಂನಲ್ಲಿ ನೋಡಿದರೆ ಅಷ್ಟು ಕೆಂಪಾಗಿಲ್ಲ. ಕಪ್ಪು ಮಿಶ್ರಿತ ಗಾಢ ಕೆಂಪು ಚಮಕಿ. ನಿಜವಾದ ಮಾಣಿಕ್ಯದ ಬಣ್ಣ ಹಾಕಿದ್ದರೆ ಟೆಕ್ನಿಕಲರ್‌ನಲ್ಲಿ ಕಿತ್ತಳೆಗೆ ತಿರುಗುತ್ತಿತ್ತಂತೆ. ಅದೇ ಥರ ಡೊರೊತಿಯ ಬಿಳಿ ರವಿಕೆ ಇದೆಯಲ್ಲ, ಅದು ಬಿಳಿಯೇ ಅಲ್ಲ, ತೆಳು ಗುಲಾಬಿ. ಅಚ್ಚ ಬಿಳಿ ಬಟ್ಟೆ ಆ ಪ್ರಖರ ಲೈಟುಗಳ ಕೆಳಗೆ ಕಣ್ಣು ಕುಕ್ಕುತ್ತಿತ್ತು. ಅಂದರೆ ನಾವು ತೆರೆಯ ಮೇಲೆ 'ಬಿಳಿ' ಅಂತ ನೋಡಿದ್ದು ಬಿಳಿಯಲ್ಲ, 'ಕೆಂಪು' ಅಂತ ನೋಡಿದ್ದು ಆ ಕೆಂಪಲ್ಲ. ಕ್ಯಾಮೆರಾಗೆ ತಕ್ಕಂತೆ ಬಣ್ಣ ಹಾಕುವ ಈ ಕಸರತ್ತು ಹಳೇ ಕಾಲಕ್ಕೆ ಮುಗಿದು ಹೋಯಿತು ಅಂದುಕೊಳ್ಳಬೇಡಿ. 2012ರಲ್ಲಿ ತೆರೆಗೆ ಬಂದ 'ದಿ ಹಾಬಿಟ್' ತೆಗೆದಾಗ ಬಳಸಿದ ಡಿಜಿಟಲ್ ಕ್ಯಾಮೆರಾ ಬಣ್ಣವನ್ನು ನುಂಗಿಬಿಡುತ್ತಿತ್ತು. ಹಾಗಾಗಿ ಮೇಕಪ್ಪಿಗೆ ಕೆಂಪು ಜಾಸ್ತಿ ಹಾಕಿದರು, ಕಾಡಿನ ಮರಗಳಿಗೆ ನೋಡಿದರೆ ನಗು ಬರುವಂಥ ಬಣ್ಣ ಬಳಿದರು. ಸೆಟ್ಟಿನಲ್ಲಿ ಹುಚ್ಚಾಟದ ಥರ ಕಾಣುತ್ತಿತ್ತು, ತೆರೆಯ ಮೇಲೆ ಸರಿಹೋಯಿತು.

ಸರಿ, ಬೂಟಿಗೆ ಬರೋಣ. ಬಣ್ಣ ಬದಲಾಯಿತು. ಕೆಲಸ? ಅದು ಹಾಗೇ ಇದೆ. ಮಾಟಗಾತಿಯ ಆಸ್ತಿ, ಡೊರೊತಿಯ ಕಾಲಿಗೆ ಬಂತು, ಮನೆಗೆ ಹೋಗುವ ಶಕ್ತಿ ಮೊದಲಿಂದಲೂ ಅವಳ ಕಾಲಲ್ಲೇ ಇತ್ತು, ಅವಳಿಗೆ ಗೊತ್ತಿರಲಿಲ್ಲ. ಕಥೆಗೆ ಬೇಕಾಗಿದ್ದು ಇಷ್ಟೇ. ಬೆಳ್ಳಿಯಾದರೇನು, ಕೆಂಪಾದರೇನು.

ಈಗ ಅವಳ ಫ್ರಾಕು ನೋಡಿ. ಪುಸ್ತಕದಲ್ಲಿ ನೀಲಿ ಬಿಳಿ ಚೌಕಳಿ. ಸಿನಿಮಾದಲ್ಲೂ ನೀಲಿ ಬಿಳಿ ಚೌಕಳಿ. ಯಾರೂ ತಕರಾರು ಮಾಡುವುದಿಲ್ಲ. ಆದರೆ ಪುಸ್ತಕದಲ್ಲಿ ಆ ಚೌಕಳಿಗೆ ಒಂದು ಅರ್ಥ ಇದೆ. ಆಜ್ ಅನ್ನೋ ಆ ಮಾಯಾಲೋಕದಲ್ಲಿ ಪ್ರತಿ ನಾಡಿಗೂ ಒಂದು ಬಣ್ಣ. ಅದರಲ್ಲೊಂದು ನಾಡಿನ ಜನ ಮಂಚ್‌ಕಿನ್ನರ ಬಣ್ಣ ನೀಲಿ, ಅವರ ಟೋಪಿ ಬಟ್ಟೆ ಎಲ್ಲಾ ನೀಲಿ. ಬಿಳಿ ಹಾಕುವವರು ಮಾಟಗಾತಿಯರು ಮಾತ್ರ. ಈ ಹುಡುಗಿ ನೀಲಿಯೂ ಹಾಕಿದ್ದಾಳೆ, ಬಿಳಿಯೂ ಹಾಕಿದ್ದಾಳೆ. ಹಾಗಾಗಿ ಅವಳನ್ನು ಮನೆಗೆ ಕರೆದು ಊಟ ಹಾಕಿದ ಮಂಚ್‌ಕಿನ್, ನೀನು ನಮಗೆ ಬೇಕಾದ ಮಾಟಗಾತಿಯೇ ಇರಬೇಕು ಅಂತ ತೀರ್ಮಾನ ಮಾಡಿಬಿಡುತ್ತಾನೆ. ಪಾಪ ಅವಳಿಗಿದ್ದ ಇನ್ನೊಂದು ಒಗೆದ ಫ್ರಾಕು ಅದು, ಅಷ್ಟೇ! ಸಿನಿಮಾದಲ್ಲಿ ಮಂಚ್‌ಕಿನ್ನರು ಕಾಮನಬಿಲ್ಲಿನಷ್ಟು ಬಣ್ಣ ಹಾಕಿಕೊಂಡು ಬರುತ್ತಾರೆ, ಒಳ್ಳೆಯ ಮಾಟಗಾತಿ ಗುಲಾಬಿ ಬಟ್ಟೆಯಲ್ಲಿ ಇಳಿಯುತ್ತಾಳೆ. ಹೀಗಾಗಿ ಬಟ್ಟೆ ಉಳಿಯಿತು, ಬಟ್ಟೆಯ ಮಾತು ಹೋಯಿತು. ಪುಸ್ತಕಕ್ಕೆ ನಿಷ್ಠೆ ಅಂದರೆ ಏನು ಅಂತ ಯಾರಾದರೂ ವಾದಕ್ಕೆ ಬಂದಾಗ ನಾನು ಈ ಎರಡನ್ನೂ ಪಕ್ಕಪಕ್ಕ ಇಡುತ್ತೇನೆ. ಬೂಟಿನ ಬಣ್ಣ ತಪ್ಪಿದೆ, ಬೂಟು ಸರಿಯಾಗಿದೆ. ಫ್ರಾಕಿನ ಬಣ್ಣ ಸರಿಯಾಗಿದೆ, ಫ್ರಾಕು ಸುಮ್ನೆ ನಿಂತಿದೆ.

ಇದೇ ಸಿನಿಮಾದಲ್ಲಿ ನನಗೆ ನಿಜಕ್ಕೂ ಬೇಜಾರಾಗುವ ನಷ್ಟ ಬೇರೆ ಇದೆ. ಕನ್ನಡಕ. ಪುಸ್ತಕದಲ್ಲಿ ಪಚ್ಚೆಯ ನಗರಕ್ಕೆ ಕಾಲಿಡುವ ಪ್ರತಿಯೊಬ್ಬರಿಗೂ ಹಸಿರು ಗಾಜಿನ ಕನ್ನಡಕ ಹಾಕಿ ಹಿಂದಿನಿಂದ ಬೀಗ ಹಾಕುತ್ತಾರೆ. ನಾಯಿಮರಿ ಟೊಟೊಗೂ ಬಿಡುವುದಿಲ್ಲ. ನಗರದ ಪ್ರಭೆಗೆ ಕಣ್ಣು ಹೋಗಿಬಿಡುತ್ತದೆ ಅನ್ನೋದು ಅವರು ಕೊಡುವ ಕಾರಣ. ಒಳಗೆ ಅರಮನೆಯಲ್ಲಿ ಡೊರೊತಿಗೆ ಹಸಿರು ರೇಷ್ಮೆ ಅಂಗಿ ಕೊಡುತ್ತಾರೆ, ಟೊಟೊ ಕುತ್ತಿಗೆಗೆ ಹಸಿರು ರಿಬ್ಬನ್ನು. ಮುಂದೆ ಅವಳು ನಗರ ಬಿಟ್ಟು ಹೊರಟಾಗ ಬಾಗಿಲಲ್ಲಿ ಕನ್ನಡಕ ತೆಗೆಯುತ್ತಾರೆ. ಸ್ವಲ್ಪ ದೂರ ಹೋಗಿ ನೋಡಿದರೆ ಅಂಗಿ ಬೆಳ್ಳಗಿದೆ. ರಿಬ್ಬನ್ನೂ ಬೆಳ್ಳಗಿದೆ. ಅವಳಿಗೆ ಆಶ್ಚರ್ಯ ಆಗುತ್ತದೆ, ಅಷ್ಟೇ, ಕಥೆ ಮುಂದಕ್ಕೆ ಹೋಗುತ್ತದೆ. ಆ ನಗರ ಆಳುವ ಮಹಾ ಮಾಂತ್ರಿಕ ಮೋಸಗಾರ, ನಗರ ಬೇರೆ ಊರುಗಳಿಗಿಂತ ಹೆಚ್ಚೇನೂ ಹಸಿರಾಗಿಲ್ಲ ಅನ್ನೋ ಗುಟ್ಟು ರಟ್ಟಾಗಲು ಇನ್ನೂ ಎಷ್ಟೋ ಪುಟ ಬಾಕಿ ಇರುತ್ತದೆ. ಆದರೆ ಒಂದು ಅಂಗಿಯ ಬಣ್ಣ ನಮಗೆ ಆಗಲೇ ಎಲ್ಲಾ ಹೇಳಿಬಿಟ್ಟಿದೆ. ಸಿನಿಮಾದಲ್ಲಿ ನಗರ ನಿಜವಾಗಲೂ ಹಸಿರು. ಕನ್ನಡಕವೂ ಇಲ್ಲ, ಬೆಳ್ಳಗಾಗುವ ಅಂಗಿಯೂ ಇಲ್ಲ. ಬಣ್ಣ ಬದಲಾಗುವುದನ್ನೇ ತೋರಿಸಬಲ್ಲ ಮಾಧ್ಯಮ ಕೈಯಲ್ಲಿದ್ದೂ ಅದನ್ನು ಬಿಟ್ಟರಲ್ಲ ಅಂತ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಒಂದು ಸಣ್ಣ ಅಡ್ಡ ಮಾತು. ಆ ಸೆಟ್ಟಿನಲ್ಲಿ ಬಟ್ಟೆ ಹಾಕಿಕೊಂಡವರ ಪಾಡು ಕೇಳಬೇಡಿ. ಟೆಕ್ನಿಕಲರ್‌ಗೆ ಬೆಳಕು ಎಷ್ಟು ಬೇಕಿತ್ತು ಅಂದರೆ ಸೆಟ್ಟಿನ ಒಳಗೆ ಕುದಿಯುತ್ತಿತ್ತು. ಅದರಲ್ಲಿ ಬರ್ಟ್ ಲಾರ್ ಅನ್ನೋ ನಟ ನಿಜವಾದ ಸಿಂಹದ ಚರ್ಮದಲ್ಲಿ ಮಾಡಿದ, ಸುಮಾರು 40 ಕಿಲೋ ತೂಕದ ವೇಷ ಹಾಕಿಕೊಂಡು ಕುಣಿದ. ತಗಡಿನ ಮನುಷ್ಯನ ಪಾತ್ರಕ್ಕೆ ಮೊದಲು ಬಂದ ಬಡ್ಡಿ ಎಬ್ಸೆನ್ ಮುಖಕ್ಕೆ ಬಳಿದ ಅಲ್ಯೂಮಿನಿಯಂ ಪುಡಿ ಉಸಿರಿಗೆ ಹೋಗಿ ಆಸ್ಪತ್ರೆ ಸೇರಿದ. ಅವನ ಜಾಗಕ್ಕೆ ಜ್ಯಾಕ್ ಹೇಲಿ ಬಂದ, ಪುಡಿಯ ಬದಲು ಪೇಸ್ಟ್ ಹಚ್ಚಿದರು. ಇದನ್ನು ಯಾಕೆ ಹೇಳಿದೆ ಅಂದರೆ, ತೆರೆಯ ಮೇಲಿನ ಬಟ್ಟೆಯ ಒಳಗೆ ಬೆವರುವ ಒಂದು ದೇಹ ಇದೆ. ಎಷ್ಟೋ ವಿಚಿತ್ರ ವಿವರಗಳಿಗೆ ಕಾರಣ ಆ ದೇಹವೇ.

ಈಗ ಪುಸ್ತಕದ ಬಟ್ಟೆಗೂ ಸಿನಿಮಾದ ಬಟ್ಟೆಗೂ ಇರುವ ಮೂಲ ವ್ಯತ್ಯಾಸಕ್ಕೆ ಬರೋಣ. ಬರೆಯುವವರಿಗೆ ಎರಡು ಪದ ಸಾಕು. 'ಬೂದು ನಿಲುವಂಗಿ' ಅಂದರೆ ಮುಗಿಯಿತು, ಉಳಿದಿದ್ದು ಓದುವವರ ಪಾಲು. ಹೊಲಿಯುವವರಿಗೆ ಆ ಸೌಕರ್ಯ ಇಲ್ಲ. ಗುಂಡಿ ಎಲ್ಲಿ? ಎಷ್ಟು? ಬೆನ್ನ ಕಡೆ ಹೇಗಿರಬೇಕು? ಅಂಚು ಮಡಚಿ ಹೊಲಿಯಬೇಕಾ, ಹರಿದ ಹಾಗೆ ಬಿಡಬೇಕಾ? ಲೇಖಕರು ಯೋಚನೆಯೇ ಮಾಡದ ನೂರು ಪ್ರಶ್ನೆಗೆ ಅವರು ಉತ್ತರ ಕೊಡಬೇಕು. ನಮಗೆ ವಿಚಿತ್ರ ಅನಿಸೋ ವಿವರ ಹುಟ್ಟೋದು ಹೆಚ್ಚಾಗಿ ಈ ನೂರರೊಳಗೆ.

ಇನ್ನು ಕೆಲವು ಸಲ ಉಲ್ಟಾ ಆಗುತ್ತದೆ. ಲೇಖಕರು ಬರೆದಿರುವುದನ್ನು ಹಾಗೇ ಹೊಲಿದರೆ ಸಿನಿಮಾ ಕೆಡುತ್ತದೆ. 1937ರ 'ಹಾಬಿಟ್' ಪುಸ್ತಕದಲ್ಲಿ, ಹಾಬಿಟ್ ಅನ್ನೋ ಪುಟ್ಟ ಜನರಲ್ಲೊಬ್ಬನಾದ ಕಥಾನಾಯಕ ಬಿಲ್ಬೋನ ಮನೆಗೆ ಹದಿಮೂರು ಕುಳ್ಳರು ಬರುತ್ತಾರಲ್ಲ, ಅವರನ್ನು ಟೋಲ್ಕಿನ್ ಪರಿಚಯ ಮಾಡಿಸೋದು ತಲೆಗವಸಿನ ಬಣ್ಣದಿಂದ. ಡ್ವಾಲಿನ್‌ದು ಕಡುಹಸಿರು, ಜೊತೆಗೆ ನೀಲಿ ಗಡ್ಡ! ಕಿಲಿ ಫಿಲಿ ಇಬ್ಬರದೂ ನೀಲಿ ತಲೆಗವಸು, ಬೆಳ್ಳಿ ಪಟ್ಟಿ. ಅವರ ನಾಯಕ ಥೋರಿನ್‌ನದು ಆಕಾಶನೀಲಿ, ಅದಕ್ಕೊಂದು ಉದ್ದನೆ ಬೆಳ್ಳಿ ಗೊಂಡೆ. ಒಬ್ಬೊಬ್ಬರೇ ಬಂದು ಗೂಟಕ್ಕೆ ನೇತುಹಾಕುತ್ತಾರೆ. ಅದು ಬರೀ ಬಟ್ಟೆಗೆ ಗೂಟ ಅಲ್ಲ, ನಮ್ಮ ನೆನಪಿಗೂ ಗೂಟ. ಕೇಳಿದರೆ ಒಂದೇ ಥರ ಇರುವ ಹದಿಮೂರು ಹೆಸರನ್ನು ಮುಖವೇ ಕಾಣದ ಓದುಗ ಹೇಗೆ ನೆನಪಿಟ್ಟುಕೊಳ್ಳಬೇಕು? ಒಂದೊಂದು ಬಣ್ಣ ಹಿಡಿದುಕೊಂಡು.

ಸಿನಿಮಾದಲ್ಲಿ ಮುಖಗಳಿವೆ. ಆಗ ಬಣ್ಣದ ತಲೆಗವಸಿನ ಕೆಲಸ ಮುಗಿಯಿತು. ಅದರ ಬದಲಿಗೆ ಪ್ರತಿ ಕುಳ್ಳನ ಆಕಾರವನ್ನೇ ಬೇರೆ ಮಾಡಿದರು. ಒಬ್ಬನ ಟೋಪಿಯ ಕಿವಿಗಳು ಮೇಲಕ್ಕೆ ಚಿಮ್ಮಿರುತ್ತವೆ, ಒಬ್ಬನ ಕೂದಲು ನಕ್ಷತ್ರದ ಥರ ಮೂರು ಕಡೆ, ಇನ್ನೊಬ್ಬನ ಗಡ್ಡ ಕುತ್ತಿಗೆಯ ಸುತ್ತ ಹೆಣೆದ ಬಳೆ. ಹಿಂದಿನಿಂದ ಬೆಳಕು ಬಿದ್ದು ಬರೀ ನೆರಳು ಕಂಡರೂ ಯಾರು ಅಂತ ಹೇಳಬಹುದು. ಥೋರಿನ್‌ಗೆ ಬೆಳ್ಳಿ ಗೊಂಡೆ ಹಾಕಿದ್ದರೆ ಅವನನ್ನು ಗತ್ತಿನ ರಾಜ ಅಂತ ಯಾರು ನಂಬುತ್ತಿದ್ದರು? ಪುಸ್ತಕದ ಥೋರಿನ್ ಸ್ವಲ್ಪ ಜಂಬದ ಮುದುಕ, ಅವನಿಗೆ ಗೊಂಡೆ ಒಪ್ಪುತ್ತದೆ. ಸಿನಿಮಾದವನು ಬೇರೆ ಮನುಷ್ಯ. ಬಟ್ಟೆ ಬದಲಾಗಿದ್ದು ಪಾತ್ರ ಬದಲಾಗಿದ್ದಕ್ಕೆ, ಅದನ್ನು ಹೊಲಿದವರ ಮೇಲೆ ಹಾಕಬೇಡಿ.

ಇಲ್ಲಿ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಜೇಬು.

ಬಿಲ್ಬೋನನ್ನು ನೋಡಿ. ವೇಸ್ಟ್‌ಕೋಟು, ಹಿತ್ತಾಳೆ ಗುಂಡಿ, ಕರವಸ್ತ್ರ. ಅವನ ಸುತ್ತ ಇರುವವರನ್ನು ನೋಡಿ. ಕವಚ, ಕೊಡಲಿ, ಸೊಂಟದ ಪಟ್ಟಿ, ಪಟ್ಟಿಗೆ ಕಟ್ಟಿದ ಚೀಲ. ಇವರಿಬ್ಬರೂ ಒಂದೇ ಕಾಲದವರು ಅಂತ ಹೇಗೆ ಒಪ್ಪುವುದು? ಇಂಗ್ಲೆಂಡಿನಲ್ಲಿ ವೇಸ್ಟ್‌ಕೋಟಿನ ಹಿರಿಯಜ್ಜ ಅನ್ನಬಹುದಾದ ಉಡುಪು ಆಸ್ಥಾನಕ್ಕೆ ಬಂದಿದ್ದು 1666ರಲ್ಲಿ, ಎರಡನೇ ಚಾರ್ಲ್ಸ್ ಇನ್ನು ಮುಂದೆ ಇದನ್ನೇ ಹಾಕುತ್ತೇನೆ ಅಂತ ಘೋಷಿಸಿದಾಗ. ಡೈರಿ ಬರೆದು ಹೆಸರಾದ ಪೀಪ್ಸ್ ಆ ವಿಷಯವನ್ನೂ ಬರೆದಿಟ್ಟಿದ್ದಾನೆ. ಯುರೋಪಿನ ಮಧ್ಯಯುಗದ ಜನ ದುಡ್ಡು ಕಾಸು ಇಟ್ಟುಕೊಳ್ಳುತ್ತಿದ್ದದ್ದು ಪಟ್ಟಿಗೆ ಕಟ್ಟಿದ ಚೀಲದಲ್ಲಿ. ಬಟ್ಟೆಯೊಳಗೇ ಹೊಲಿದ ಜೇಬು ರೂಢಿಗೆ ಬಂದಿದ್ದು ಎಷ್ಟೋ ಕಾಲದ ಮೇಲೆ. ಅಂದರೆ ಬಿಲ್ಬೋ ತನ್ನ ಜೊತೆಯವರಿಗಿಂತ ಕೆಲವು ನೂರು ವರ್ಷ ಮುಂದಿದ್ದಾನೆ. ಇತಿಹಾಸ ಓದಿದವರು ಇದನ್ನು ನೋಡಿ ನಗಬಹುದು.

ಆದರೆ ಆ ಜೇಬು ತೆಗೆದು ನೋಡಿ, ಏನಾಗುತ್ತದೆ? ಕತ್ತಲ ಗುಹೆಯಲ್ಲಿ ಬಿಲ್ಬೋಗೆ ಉಂಗುರ ಸಿಗುತ್ತದೆ, ಜೇಬಿಗೆ ಹಾಕಿಕೊಳ್ಳುತ್ತಾನೆ, ಮರೆತುಬಿಡುತ್ತಾನೆ. ಆ ಗುಹೆಯಲ್ಲಿರುವ ಗೊಲ್ಲಮ್ ಅನ್ನೋ ಜೀವಿಯ ಜೊತೆ ಒಗಟಿನ ಪಂದ್ಯ ಸೋಲುವ ಹೊತ್ತಿಗೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಅರೆ, ನನ್ನ ಜೇಬಲ್ಲಿ ಏನಿದೆ ಇದು, ಅಂತ ತನಗೆ ತಾನೇ ಅಂದುಕೊಂಡಿದ್ದು ಒಗಟಾಗಿ ಬಿಡುತ್ತದೆ. ಚೀಲದಲ್ಲಿ ಇದು ಆಗುವುದಿಲ್ಲ. ಚೀಲ ಬಿಚ್ಚಬೇಕು, ದಾರ ಸಡಿಲಿಸಬೇಕು, ಯೋಚಿಸಿ ಕೈ ಹಾಕಬೇಕು. ಯೋಚನೆ ಇಲ್ಲದೆ ಕೈ ಹೋಗೋದು ಜೇಬಿಗೆ ಮಾತ್ರ. ಮುಂದೆ ಆ ಉಂಗುರಕ್ಕಾಗಿ 'ಲಾರ್ಡ್ ಆಫ್ ದಿ ರಿಂಗ್ಸ್'ನಲ್ಲಿ ನಡೆಯುವ ಮೂರು ಸಂಪುಟದ ಮಹಾಯುದ್ಧವೆಲ್ಲ ಈ ಒಂದು ಹೊಲಿಗೆಯ ಮೇಲೆ ನಿಂತಿದೆ.

ಹಾಗಾಗಿ ಬಟ್ಟೆ ಆ ಕಾಲಕ್ಕೆ ಸರಿಯಾಗಿದೆಯಾ ಅಂತ ಫ್ಯಾಂಟಸಿಯಲ್ಲಿ ಕೇಳಿದರೆ ಉತ್ತರ ಸಿಗುವುದಿಲ್ಲ, ಆ ಕಾಲ ಅಂತ ಒಂದು ಇಲ್ಲವಲ್ಲ. ಆ ಲೋಕದೊಳಗೆ ಯಾರ ಬಟ್ಟೆ ಯಾರ ಥರ ಇದೆ, ಯಾರ ಥರ ಇಲ್ಲ ಅಂತ ಕೇಳಿ. ಬಿಲ್ಬೋ ಮನೆಯಲ್ಲಿ ನೆಮ್ಮದಿಯಾಗಿ ಕೂತಿರಬೇಕಾದವನು, ತಪ್ಪು ಕಥೆಯೊಳಗೆ ಬಂದು ಬಿದ್ದಿದ್ದಾನೆ. ಅವನ ಬಟ್ಟೆ ಅದನ್ನೇ ಹೇಳುತ್ತಿದೆ.

ಸಿನಿಮಾ ಇದನ್ನು ಚೆನ್ನಾಗಿ ಹಿಡಿದುಕೊಂಡಿದೆ. ಹೊರಟ ಸ್ವಲ್ಪ ಹೊತ್ತಿಗೇ ಅಯ್ಯೋ ಕರವಸ್ತ್ರ ಮರೆತೆ ಅಂತಾನೆ, ಕುಳ್ಳರಲ್ಲೊಬ್ಬನಾದ ಬೋಫರ್ ತನ್ನ ಬಟ್ಟೆಯಿಂದ ಒಂದು ತುಂಡು ಪರ್ರಂತ ಹರಿದು ಅವನ ಕಡೆ ಎಸೆಯುತ್ತಾನೆ. ಪುಸ್ತಕದಲ್ಲಿ ಬೇರೆ ಥರ, ಡ್ವಾಲಿನ್ ತನ್ನ ಹಳೇ ಹಸಿರು ತಲೆಗವಸನ್ನೂ ನಿಲುವಂಗಿಯನ್ನೂ ಬಿಲ್ಬೋಗೆ ಎರವಲು ಕೊಡುತ್ತಾನೆ, ಅದು ಅವನಿಗೆ ದೊಡ್ಡದಾಗುತ್ತದೆ. ಎರಡರಲ್ಲೂ ನಡೆಯೋದು ಒಂದೇ, ಅವನ ಮೈಮೇಲೆ ಅವರ ಬಟ್ಟೆ ಬರುತ್ತದೆ. ಆಮೇಲೆ ಇಕ್ಕಟ್ಟಿನಲ್ಲಿ ನುಸುಳುವಾಗ ಹಿತ್ತಾಳೆ ಗುಂಡಿಗಳು ಪಟಪಟ ಕಿತ್ತು ಹಾರುತ್ತವೆ. ಪುಸ್ತಕದಲ್ಲಿದೆ, ಸಿನಿಮಾದಲ್ಲೂ ಇದೆ. ಗುಂಡಿ ಹೋದ ಮೇಲೆ ವೇಸ್ಟ್‌ಕೋಟು ಬಿಚ್ಚಿಕೊಂಡೇ ಇರುತ್ತದೆ. ಮುಂದಿನ ಸಲ ನೋಡುವಾಗ ಆ ಗುಂಡಿಗಳ ಮೇಲೆ ಒಂದು ಕಣ್ಣಿಡಿ. ಮನೆಯ ಮನುಷ್ಯ ಒಂದೊಂದೇ ಗುಂಡಿಯಷ್ಟು ಕಡಿಮೆಯಾಗುತ್ತಾ ಹೋಗೋದು ಕಾಣುತ್ತದೆ.

'ಲಾರ್ಡ್ ಆಫ್ ದಿ ರಿಂಗ್ಸ್' ಮೂರು ಸಿನಿಮಾ, 2001ರಿಂದ 2003. ಬಟ್ಟೆ ನೈಲಾ ಡಿಕ್ಸನ್ ಅವರದು, ಕವಚ ಆಯುಧ ಎಲ್ಲಾ ರಿಚರ್ಡ್ ಟೇಲರ್ ಅವರ ವೆಟಾ ಕಾರ್ಯಾಗಾರದ್ದು. ಮೂರನೆಯದಕ್ಕೆ ಇಬ್ಬರಿಗೂ ವಸ್ತ್ರವಿನ್ಯಾಸದ ಆಸ್ಕರ್ ಬಂತು. ಅಲ್ಲಿ ಹಾಬಿಟ್‌ಗಳ ಪ್ಯಾಂಟು ಗಮನಿಸಿದ್ದೀರಾ? ಎಲ್ಲಾ ಗಿಡ್ಡ. ಶರ್ಟಿನ ತೋಳೂ ಗಿಡ್ಡ. ಮೊದಲ ಸಲ ನೋಡಿದಾಗ ಅಳತೆ ತಪ್ಪಿದೆಯಾ ಅನಿಸುತ್ತದೆ. ಹಾಬಿಟ್‌ಗಳು ಬೂಟು ಹಾಕುವವರಲ್ಲ, ಆ ರೋಮದ ಪಾದ ಕಾಣಬೇಕಲ್ಲ, ಅದಕ್ಕೇ ಪ್ಯಾಂಟು ಮೇಲೆ. ತೋಳು ಗಿಡ್ಡ ಮಾಡಿದರೆ ದೊಡ್ಡವರು ಹಾಕಿಕೊಂಡರೂ ಮಕ್ಕಳು ಬಟ್ಟೆ ಮೀರಿ ಬೆಳೆದ ಹಾಗೆ ಕಾಣುತ್ತಾರೆ. ಮಾಮೂಲಿ ಎತ್ತರದ ನಟರು ಕುಳ್ಳಗೆ ಕಾಣಬೇಕು, ಅದಕ್ಕೆ ಕ್ಯಾಮೆರಾ ಎಷ್ಟು ಆಟ ಆಡಿದೆಯೋ ಬಟ್ಟೆಯೂ ಅಷ್ಟೇ ಆಡಿದೆ. ಒಂದೇ ಉಡುಪನ್ನು ಎರಡು ಅಳತೆಯಲ್ಲಿ ಮಾಡುತ್ತಿದ್ದರು, ನಟನಿಗೊಂದು, ಕುಳ್ಳಗಿರುವ ಡ್ಯೂಪಿಗೊಂದು. ಆಗ ಅಂಗಿ ಚಿಕ್ಕದಾದರೆ ಸಾಲದು, ಗುಂಡಿ ಚಿಕ್ಕದಾಗಬೇಕು, ಹೊಲಿಗೆ ಚಿಕ್ಕದಾಗಬೇಕು, ನೇಯ್ಗೆಯ ಎಳೆಯೂ ಸಣ್ಣದಾಗಬೇಕು. ಇಲ್ಲದಿದ್ದರೆ ಉಣ್ಣೆಯ ದಪ್ಪ ಎಳೆಯೇ ಗುಟ್ಟು ಬಿಟ್ಟುಕೊಡುತ್ತದೆ.

ಒಂದೊಂದು ಪಾತ್ರಕ್ಕೆ ಇಷ್ಟೊಂದು ಪ್ರತಿ ಇದ್ದಾಗ ಎಡವಟ್ಟೂ ಆಗುತ್ತದೆ. ನಟನಿಗೆ, ಅಳತೆಯ ಡ್ಯೂಪಿಗೆ, ಹೊಡೆದಾಟದ ಡ್ಯೂಪಿಗೆ, ಕುದುರೆ ಓಡಿಸುವ ಡ್ಯೂಪಿಗೆ, ಎಲ್ಲರಿಗೂ ಬೇರೆ ಬೇರೆ. ಅದರ ಮೇಲೆ ಕೊಳೆಯ ಹಂತಗಳು ಬೇರೆ. ಶೂಟಿಂಗ್ ಕಥೆಯ ಕ್ರಮದಲ್ಲಿ ನಡೆಯುವುದಿಲ್ಲ, ಕೊನೆಯ ದೃಶ್ಯ ಮೊದಲು ತೆಗೆಯಬಹುದು. ಒಂದು ಶಾಟಿನಲ್ಲಿ ಕಾಲರು ನಿಂತಿದೆ, ಮುಂದಿನದರಲ್ಲಿ ಮಲಗಿದೆ, ಮತ್ತೆ ನಿಂತಿದೆ. ಇದು ಕಂಟಿನ್ಯೂಟಿ ತಪ್ಪು, ಇದರಲ್ಲಿ ಹುಡುಕಲು ಅರ್ಥ ಏನೂ ಇಲ್ಲ. ಇದನ್ನು ಬೇಕಂತಲೇ ಮಾಡಿದ್ದರಿಂದ ಬೇರೆ ಮಾಡುವುದು ಹೇಗೆ ಅಂತ ಕೇಳುತ್ತೀರಿ. ನಾನು ನೋಡೋದು ಒಂದೇ. ಬಂದು ಹೋಗಿ ಮಾಡಿದರೆ ತಪ್ಪು. ಬಂದು ಉಳಿದುಕೊಂಡರೆ ಯಾರೋ ಯೋಚಿಸಿದ್ದಾರೆ.

ಉಳಿದುಕೊಂಡಿದ್ದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಮೊದಲ ಸಿನಿಮಾದ ಕೊನೆಯಲ್ಲಿದೆ. ಗೊಂಡೋರ್ ಅನ್ನೋ ರಾಜ್ಯದ ಯೋಧ ಬೊರೊಮಿರ್ ಸಾಯುತ್ತಾನೆ. ಅವನ ಶವವನ್ನು ದೋಣಿಯಲ್ಲಿಟ್ಟು ನದಿಗೆ ಬಿಡುತ್ತಾರೆ. ಆಮೇಲೆ ಅವನ ಜೊತೆಗಾರ, ಅದೇ ರಾಜ್ಯದ ಸಿಂಹಾಸನಕ್ಕೆ ಹಕ್ಕುದಾರನಾದ ಅರಗಾರ್ನ್ ಮಾತಾಡುತ್ತಾ ಮುಂಗೈಗೆ ಏನೋ ಕಟ್ಟಿಕೊಳ್ಳುತ್ತಿರುತ್ತಾನೆ. ನಾವು ಮಾತು ಕೇಳುತ್ತಿರುತ್ತೇವೆ, ಕೈ ನೋಡುವುದಿಲ್ಲ. ಕೈ ನೋಡಿ. ಅದು ಬೊರೊಮಿರ್‌ನ ಚರ್ಮದ ಕೈಕಾಪು. ಅದರ ಮೇಲೆ ಗೊಂಡೋರ್‌ನ ಲಾಂಛನವಾದ ಬಿಳಿ ಮರ ಇದೆ. ಯಾರೂ ಅದರ ಬಗ್ಗೆ ಒಂದು ಮಾತು ಆಡುವುದಿಲ್ಲ. ಪುಸ್ತಕದಲ್ಲಿ ಇದು ಇಲ್ಲ. ಮುಂದಿನ ಸಿನಿಮಾದಲ್ಲೂ ಅದು ಅವನ ಕೈಯಲ್ಲಿ ಇರುತ್ತದೆ. ತನ್ನದೇ ಆಗಬೇಕಾದ ರಾಜ್ಯದ ಗುರುತು ಮೈಮೇಲೆ ಹಾಕಿಕೊಳ್ಳಲು ಇಷ್ಟು ವರ್ಷ ಹಿಂಜರಿದವನು, ಕಿರೀಟಕ್ಕೆ ಮೊದಲು ಸತ್ತ ಗೆಳೆಯನ ಕೈಕಾಪು ಕಟ್ಟಿಕೊಂಡ. ಪುಸ್ತಕಕ್ಕೆ ವಿರುದ್ಧವಾಗಿ ಸೇರಿಸಿದ ವಿವರ ಇದು, ಆದರೂ ಪುಸ್ತಕ ಬರೆದವರು ನೋಡಿದ್ದರೆ ತಲೆದೂಗುತ್ತಿದ್ದರು ಅಂತ ನನಗನಿಸುತ್ತದೆ. ಆ ಪಾತ್ರ ಮಾಡಿದ ವಿಗೋ ಮಾರ್ಟೆನ್ಸನ್ ತನ್ನ ಬಟ್ಟೆ ಹರಿದಾಗ ತಾನೇ ಹೊಲಿದುಕೊಳ್ಳುತ್ತಿದ್ದ ಮನುಷ್ಯ. ಕಾಡಲ್ಲಿ ಅಲೆಯುವವನಿಗೆ ದರ್ಜಿ ಎಲ್ಲಿಂದ ಬರಬೇಕು, ಅಲ್ವಾ?

ಎಲ್ಫ್‌ಗಳು ಕೊಟ್ಟ ನಿಲುವಂಗಿಯ ಎಲೆ ಪಿನ್ನಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹಸಿರು ಎಲೆ, ಬೆಳ್ಳಿಯ ನರ. ಪಿಪ್ಪಿನ್ ಅನ್ನೋ ಹಾಬಿಟ್‌ನನ್ನು ಶತ್ರುಗಳು ಹೊತ್ತೊಯ್ಯುವಾಗ ಅದನ್ನು ಕಿತ್ತು ಬೀಳಿಸುತ್ತಾನೆ, ಹಿಂದೆ ಬರುತ್ತಿದ್ದ ಅರಗಾರ್ನ್‌ಗೆ ಅದು ಸಿಗುತ್ತದೆ. ಇಲ್ಲಿ ಪುಸ್ತಕವೂ ಸಿನಿಮಾವೂ ಒಂದೇ. ಒಂದು ಪಿನ್ನು ಒಡವೆಯಾಗಿ ಬಂದು ಪತ್ರದ ಕೆಲಸ ಮಾಡಿತು.

ಕಾಣದೇ ಇರುವ ವಿವರಗಳ ಬಗ್ಗೆ ನನಗೆ ಸ್ವಲ್ಪ ಗೊಂದಲ ಇದೆ. ಥಿಯೋಡೆನ್ ರಾಜನ ಪಾತ್ರ ಮಾಡಿದ ಬರ್ನಾರ್ಡ್ ಹಿಲ್ ಹೇಳಿಕೊಂಡಿದ್ದರು, ಅವರ ಎದೆಕವಚದ ಒಳಗಡೆಗೂ ಚಿತ್ತಾರದ ಚರ್ಮ ಹಾಕಿದ್ದರಂತೆ. ಕ್ಯಾಮೆರಾ ಅದನ್ನು ನೋಡುವುದೇ ಇಲ್ಲ. ಇದು ದುಂದು ಅಲ್ವಾ ಅಂತ ಕೇಳಬಹುದು. ಅದನ್ನು ಹಾಕಿಕೊಂಡವರಿಗೆ ರಾಜನ ಥರ ನಿಲ್ಲಲು ಅದು ನೆರವಾಗಿದ್ದರೆ ಆ ನಿಲುವು ತೆರೆಯ ಮೇಲೆ ಕಾಣುತ್ತದೆ, ಸರಿ. ಆದರೆ ಅದೇ ಸಿನಿಮಾದ ಸರಪಳಿ ಕವಚ ನೋಡಿ. ಅದು ಪ್ಲಾಸ್ಟಿಕ್! ಪೈಪನ್ನು ಬಳೆ ಬಳೆಯಾಗಿ ಕತ್ತರಿಸಿ, ಒಂದಕ್ಕೊಂದು ಕೈಯಲ್ಲೇ ಸಿಕ್ಕಿಸಿ, ಲೋಹದ ಬಣ್ಣ ಕೊಟ್ಟಿದ್ದು. ಕೋಟಿಗೂ ಹೆಚ್ಚು ಬಳೆ. ಕೂತು ಸಿಕ್ಕಿಸಿದವರ ಬೆರಳಚ್ಚೇ ಸವೆದು ಹೋಯಿತು ಅಂತ ಹೇಳುತ್ತಾರೆ. ಕೋಟೆಯ ಯುದ್ಧವನ್ನು ತಿಂಗಳುಗಟ್ಟಲೆ ರಾತ್ರಿ ಹೊತ್ತು, ಸುರಿಯುವ ನೀರಲ್ಲಿ ತೆಗೆದರು. ಹತ್ತು ಕಿಲೋಗೂ ಮೀರಿದ ಕಬ್ಬಿಣದ ಕವಚ ಹಾಕಿಸಿದ್ದರೆ ಬೆಳಗಾಗುವಷ್ಟರಲ್ಲಿ ಯಾರೂ ನಿಂತಿರುತ್ತಿರಲಿಲ್ಲ. ಹೀಗೆ ಒಂದೇ ಕಾರ್ಯಾಗಾರ, ಕಾಣದ ಕಡೆ ಅಸಲಿ ಚರ್ಮ, ಕಾಣುವ ಕಡೆ ನಕಲಿ ಲೋಹ. ಎರಡಕ್ಕೂ ಕಾರಣ ಒಳಗಿರುವ ನಟನ ಮೈ. ಒಬ್ಬರಿಗೆ ಗತ್ತು ಬೇಕಿತ್ತು, ಸಾವಿರ ಜನಕ್ಕೆ ಬೆನ್ನು ಉಳಿಯಬೇಕಿತ್ತು.

ಇಂಥ ದುರಸ್ತಿ, ಹೊಂದಾಣಿಕೆಯ ಗುರುತುಗಳು ಎಷ್ಟು ಕಾಲ ಉಳಿಯುತ್ತವೆ ಅನ್ನೋದಕ್ಕೆ ಒಂದು ಒಳ್ಳೆ ಪತ್ತೇದಾರಿ ಪ್ರಸಂಗ ಇದೆ. ಮಾಣಿಕ್ಯದ ಬೂಟು ಒಂದೇ ಜೋಡಿ ಇರಲಿಲ್ಲ, ಹಲವು ಜೋಡಿ ಮಾಡಿದ್ದರು. ಒಂದು ಜೋಡಿ ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ. ಅದರ ಅಡಿಗೆ ಫೆಲ್ಟ್ ಬಟ್ಟೆ ಅಂಟಿಸಿದ್ದಾರೆ, ಕುಣಿಯುವಾಗ ಟಕಟಕ ಸದ್ದು ಬರಬಾರದು ಅಂತ. ಇನ್ನೊಂದು ಜೋಡಿ 2005ರಲ್ಲಿ ಮಿನೆಸೋಟಾದಲ್ಲಿ, ಡೊರೊತಿ ಪಾತ್ರ ಮಾಡಿದ ಜೂಡಿ ಗಾರ್ಲೆಂಡ್ ಹೆಸರಿನ ಮ್ಯೂಸಿಯಂನಿಂದ ಕಳುವಾಯಿತು, 2018ರಲ್ಲಿ ಎಫ್‌ಬಿಐಗೆ ಸಿಕ್ಕಿತು. ಅಸಲಿಯಾ ನಕಲಿಯಾ ಅಂತ ನೋಡಲು ಸ್ಮಿತ್ಸೋನಿಯನ್‌ಗೆ ತಂದರು. ಅಲ್ಲಿಯವರು ಬೂಟಿನ ಮುಂದಿರುವ ಚಿಟ್ಟೆಯಾಕಾರದ ಅಲಂಕಾರದ (ಬೋ) ಮೇಲಿನ ಮಣಿಗಳನ್ನು ಸೂಕ್ಷ್ಮವಾಗಿ ನೋಡಿದಾಗ, ಕೆಂಪು ಗಾಜಿನ ಮಣಿಗಳ ನಡುವೆ ಬಣ್ಣವಿಲ್ಲದ ಗಾಜಿಗೆ ಕೆಂಪು ಬಳಿದ ಮಣಿ ಸಿಕ್ಕಿತು. ಸೆಟ್ಟಿನಲ್ಲಿ ಮಣಿ ಉದುರಿದೆ, ಕೆಂಪು ಮಣಿ ಕೈಗೆ ಸಿಕ್ಕಿಲ್ಲ, ಯಾರೋ ಇದ್ದುದಕ್ಕೆ ಬಣ್ಣ ಹಚ್ಚಿ ಹೊಲಿದಿದ್ದಾರೆ. ಅದೇ ಥರದ ಬಣ್ಣದ ಮಣಿ ಮ್ಯೂಸಿಯಂನ ಬೂಟಿನಲ್ಲೂ ಇತ್ತು. ಅಷ್ಟೇ ಅಲ್ಲ, ಎರಡೂ ಕಡೆ ಎಡ ಬಲ ಸರಿಯಾಗಿ ಹೊಂದುತ್ತಿರಲಿಲ್ಲ, ಅದಲು ಬದಲು ಮಾಡಿ ಇಟ್ಟರೆ ಎರಡೂ ಜೋಡಿ ಹೊಂದಿದವು. ಎಂಬತ್ತು ವರ್ಷದಿಂದ ತಪ್ಪು ಜೊತೆಯಲ್ಲಿದ್ದವು! 2024ರ ಡಿಸೆಂಬರಿನಲ್ಲಿ ಆ ಕಳುವಾಗಿದ್ದ ಜೋಡಿ ಹರಾಜಿನಲ್ಲಿ ಶುಲ್ಕವೂ ಸೇರಿ 3.25 ಕೋಟಿ ಡಾಲರಿಗೆ ಹೋಯಿತು. ಅಸಲಿ ಅಂತ ಸಾಬೀತು ಮಾಡಿದ್ದರಲ್ಲಿ ಆ ಅವಸರದ ರಿಪೇರಿಯದೂ ಒಂದು ಪಾಲು.

ಕೊನೆಗೆ, ಶುರುವಿನಲ್ಲಿ ಹೇಳಿದ ಹರ್ಮಾಯ್ನಿಯ ಗುಲಾಬಿ ಬಟ್ಟೆ. ನಾಲ್ಕನೇ ಹ್ಯಾರಿ ಪಾಟರ್ ಸಿನಿಮಾ, 2005ರದು, ವಸ್ತ್ರವಿನ್ಯಾಸ ಜ್ಯಾನಿ ಟೆಮೈಮ್ ಅವರದು. ಆ ನೃತ್ಯದ ಸಭಾಂಗಣವನ್ನು ನೆನಪಿಸಿಕೊಳ್ಳಿ, ಪೂರ್ತಿ ಹಿಮ, ಬೆಳ್ಳಿ, ನೀಲಿಛಾಯೆ. ಅದರೊಳಗೆ ತಿಳಿನೀಲಿ ಹಾಕಿಕೊಂಡು ಇಳಿದಿದ್ದರೆ ಗೋಡೆಯೊಳಗೆ ಕರಗಿ ಹೋಗುತ್ತಿದ್ದಳು, ಇದು ನನ್ನ ಊಹೆ. ಪುಸ್ತಕದಲ್ಲಿ ಆ ಬಟ್ಟೆಯ ಕೆಲಸ ಏನು? ಹ್ಯಾರಿಗೆ ತಕ್ಷಣ ಗುರುತು ಸಿಗಬಾರದು, ಎಲ್ಲರೂ ಒಂದು ಕ್ಷಣ ಬೆರಗಾಗಬೇಕು. ಗುಲಾಬಿಯಲ್ಲಿ ಆ ಕೆಲಸ ಆಗಿದೆ. ಹಾಗಾಗಿ ಆ ಜಗಳದಲ್ಲಿ ನಾನು ಸಿನಿಮಾದವರ ಕಡೆ. ಇದೇ ಟೆಮೈಮ್ ಮುಂದಿನ ಸಿನಿಮಾದಲ್ಲಿ ಅಂಬ್ರಿಜ್ ಅನ್ನೋ ದರ್ಪದ ಶಿಕ್ಷಕಿಯ ಅಧಿಕಾರ ಏರಿದ ಹಾಗೆಲ್ಲ ಅವಳ ಗುಲಾಬಿಯನ್ನು ಗಾಢ ಮಾಡುತ್ತಾ ಹೋದರು. ಮೊದಲ ಶಾಟನ್ನೂ ಕೊನೆಯ ಶಾಟನ್ನೂ ಪಕ್ಕದಲ್ಲಿಟ್ಟರೆ ತಿಳಿಯುತ್ತದೆ.

ಆದರೆ ಅದೇ ನೃತ್ಯದಲ್ಲಿ ಹ್ಯಾರಿಯ ಗೆಳೆಯ ರಾನ್‌ನ ಅಂಗಿ ವಿಷಯಕ್ಕೆ ನಾನು ಪುಸ್ತಕದ ಕಡೆ. ಎರಡರಲ್ಲೂ ಅದು ಹಳೇ ಕಾಲದ, ಲೇಸು ಹಚ್ಚಿದ ಅಂಗಿ. ಸಿನಿಮಾದಲ್ಲಿ ಲೇಸು ಹಾಗೇ ಇರುತ್ತದೆ, ನಾವು ನಗುತ್ತೇವೆ. ಪುಸ್ತಕದಲ್ಲಿ ರಾನ್ ಹೊರಡುವ ಮುಂಚೆ ಮಂತ್ರ ಹಾಕಿ ಕಾಲರಿನ, ತೋಳಿನ ಲೇಸೆಲ್ಲ ಕತ್ತರಿಸಿಬಿಡುತ್ತಾನೆ. ಮಂತ್ರ ಸರಿಯಾಗಿ ಬರಲ್ಲ, ಅಂಚಿನಲ್ಲಿ ದಾರ ಬಿಟ್ಟುಕೊಂಡು ನೇತಾಡುತ್ತದೆ. ಅದನ್ನೇ ಹಾಕಿಕೊಂಡು ಬರುತ್ತಾನೆ. ಸಿನಿಮಾದ ಲೇಸು ನಮ್ಮನ್ನು ನಗಿಸಲು ಇದೆ. ಆ ಬಿಟ್ಟುಕೊಂಡ ದಾರದಲ್ಲಿ ದುಡ್ಡಿಲ್ಲದ ಮನೆಯ ಹುಡುಗ, ಅವನ ನಾಚಿಕೆ, ಕೊನೇ ಗಳಿಗೆಯ ಪರದಾಟ ಎಲ್ಲಾ ಇತ್ತು. ಅದನ್ನು ತೋರಿಸಲು ಒಂದು ಕತ್ತರಿ, ಒಂದು ಕ್ಲೋಸಪ್ ಸಾಕಿತ್ತು.